ಮುಂದಿನ ಊರಿನ ತನಕ

ಟ್ಯೂಬ್‌ಲೆಸ್ ಟೈರಿಗೆ ಪ್ಲಗ್ ಹಾಕಿಸಿಕೊಂಡವರೆಲ್ಲ ದುಡ್ಡು ಕೊಡುವಾಗ ಕೇಳುವ ಪ್ರಶ್ನೆ ಒಂದೇ: ‘ಇದು ಎಷ್ಟು ದಿನ ಬಾಳುತ್ತೆ?’ ಬೆಂಗಳೂರಿನಲ್ಲಿ ಕೇಳಿದರೆ ‘ಟೈರ್ ಇರೋವರೆಗೂ ಇರುತ್ತೆ ಸಾರ್’ ಅಂತಾರೆ. ಕಲಬುರಗಿ ಕಡೆ ಕೇಳಿದರೆ ‘ಏನ್ ಆಗಂಗಿಲ್ರೀ, ಆರಾಮ ಹೋಗ್ರಿ’ ಅಂತಾರೆ. ಟೈರ್ ತಯಾರಕರನ್ನು ಕೇಳಿದರೆ ಅವರದು ಒಂದೇ ಪದ: ತಾತ್ಕಾಲಿಕ. ಈ ಮೂರೂ ಉತ್ತರಗಳನ್ನು ಸುಳ್ಳು ಅನ್ನೋಕಾಗಲ್ಲ. ಯಾಕೆ ಅಂತ ತಿಳಿಯಬೇಕಾದರೆ ಪಂಕ್ಚರ್ ಅನ್ನೋದರ ಚರಿತ್ರೆಯನ್ನೇ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ನೋಡೋದಕ್ಕೆ ಒಂದು ರಸ್ತೆಯನ್ನು ಆರಿಸಿಕೊಳ್ಳೋಣ. ಕಲಬುರಗಿಯಿಂದ ಚಿತ್ತಾಪುರಕ್ಕೆ ಹೋಗುವಾಗ ಕಾಗಿಣಾ ನದಿ ದಾಟುವಲ್ಲಿ ದಂಡೋತಿ ಸಿಗುತ್ತದೆ. ಮಳೆಗಾಲದಲ್ಲಿ ಈ ಊರಿನ ಹೆಸರು ಪೇಪರಿನಲ್ಲಿ ಬರೋದು ಬಹುತೇಕ ಒಂದೇ ಕಾರಣಕ್ಕೆ: ಕಾಗಿಣಾ ತುಂಬಿತು, ದಂಡೋತಿ ಸೇತುವೆ ಮುಳುಗಿತು, ಸಂಪರ್ಕ ಕಡಿತ. ಸುತ್ತಲಿನದು ಸುಣ್ಣಕಲ್ಲಿನ ನಾಡು. ಒಂದು ಕಡೆ ಶಹಾಬಾದ್, ನಿಮ್ಮ ಅಜ್ಜಿ ಮನೆಯ ನೆಲಕ್ಕೆ ಹಾಸಿರಬಹುದಾದ ಆ ಬೂದು ಫರ್ಸಿಯ ಊರು. ಇನ್ನೊಂದು ಕಡೆ ವಾಡಿ, ಮಳಖೇಡ, ಸೇಡಂ, ಅಂದರೆ ಸಿಮೆಂಟ್ ಕಾರ್ಖಾನೆಗಳ ಸಾಲು. ಕಲ್ಲು ಹೊತ್ತ ಟ್ರ್ಯಾಕ್ಟರ್, ಸಿಮೆಂಟ್ ಹೊತ್ತ ಲಾರಿ ಓಡಾಡುವ ರಸ್ತೆಯಲ್ಲಿ ಕಲ್ಲಿನ ಚಕ್ಕೆ, ಲಾರಿಯಿಂದ ಉದುರಿದ ಬೋಲ್ಟು, ತಂತಿ ಚೂರು ಇರೋದು ಸಹಜ. ಕಾರಿನ ಟೈರಿಗೆ ಇದು ಒಳ್ಳೆಯ ಪರೀಕ್ಷೆ.

ಪಂಕ್ಚರ್ ಅನ್ನೋದು ಇಲ್ಲದ ಕಾಲವೂ ಇತ್ತು. ಅದು ಬಹಳ ಉದ್ದದ ಕಾಲ. ಇಲ್ಲಿಂದ ಸ್ವಲ್ಪವೇ ದೂರದ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗಿಂದ ನಮ್ಮ ಮುತ್ತಜ್ಜನ ಕಾಲದವರೆಗೂ ಸರಕು ಎಳೆದದ್ದು ಎತ್ತಿನ ಗಾಡಿ. ಮರದ ಗಾಲಿ, ಅದರ ಸುತ್ತ ಬಿಸಿ ಮಾಡಿ ತೊಡಿಸಿದ ಕಬ್ಬಿಣದ ಪಟ್ಟಿ. ಆ ಗಾಲಿ ಮುರಿಯುತ್ತದೆ, ಸವೆಯುತ್ತದೆ, ಪಟ್ಟಿ ಸಡಿಲಾಗುತ್ತದೆ. ಪಂಕ್ಚರ್ ಮಾತ್ರ ಆಗಲ್ಲ. ರೈಲಿನದೂ ಅದೇ ಕತೆ. 1871ರಲ್ಲಿ ಮುಂಬೈ ಕಡೆಯಿಂದ ಕಲಬುರಗಿ, ಶಹಾಬಾದ್, ವಾಡಿ ಹಾದು ಬಂದ ಹಳಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಲೈನ್ ತೆರೆಯಿತು. ಶಹಾಬಾದಿನ ಕಲ್ಲು ದೂರದ ಊರುಗಳ ನೆಲ ಸೇರೋದಕ್ಕೆ ದಾರಿಯಾಯಿತು. ಅಲ್ಲಿಯೂ ಕಬ್ಬಿಣದ ಮೇಲೆ ಕಬ್ಬಿಣ. ಕುಲುಕಾಟ ಉಂಟು, ಪಂಕ್ಚರ್ ಇಲ್ಲ.

ಕುಲುಕಾಟ ಬೇಡ ಅಂದವರು ಗಾಳಿಯ ಹಿಂದೆ ಹೋದರು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ. ಒಳಗೆ ರಬ್ಬರು ಬಳಿದ ಬಟ್ಟೆಯ ಕೊಳವೆ, ಹೊರಗೆ ಚರ್ಮದ ಕವಚ. ಆಗ ಅದನ್ನು ಕೊಳ್ಳುವವರು ಇರಲಿಲ್ಲ, ಮರೆತೇಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಮಾಡಿಕೊಟ್ಟ ಟೈರು ಜಗತ್ತನ್ನು ಗೆದ್ದಿತು. ಥಾಮ್ಸನ್ ಮೊದಲೇ ಕಂಡುಹಿಡಿದಿದ್ದ ಅಂತ ಡನ್‌ಲಪ್‌ನ ಪೇಟೆಂಟ್ ಆಮೇಲೆ ಬಿದ್ದುಹೋಯಿತು, ಆದರೆ ಹೆಸರು ಉಳಿಯಿತು. ಎಷ್ಟರಮಟ್ಟಿಗೆ ಅಂದರೆ ದಕ್ಷಿಣ ಭಾರತದ ಹಳ್ಳಿಗಳಲ್ಲಿ ರಬ್ಬರು ಟೈರಿನ ಎತ್ತಿನ ಗಾಡಿಗೇ ‘ಡನ್ಲಪ್ ಬಂಡಿ’ ಅನ್ನೋ ಹೆಸರು ಬಿತ್ತು.

ಗಾಳಿ ಬಂದ ಕೂಡಲೇ ಮೊಳೆಗೂ ಮಹತ್ವ ಬಂತು. ಆ ಕಾಲದ ರಸ್ತೆಗಳು ಕುದುರೆ ಮತ್ತು ಎತ್ತುಗಳವು. ಅವುಗಳ ಕಾಲಿನ ಲಾಳದಿಂದ ಕಳಚಿಬಿದ್ದ ಮೊಳೆಗಳು ರಸ್ತೆ ತುಂಬ ಇರುತ್ತಿದ್ದವು. ಕಬ್ಬಿಣದ ಪಟ್ಟಿಯ ಗಾಲಿ ಅವುಗಳ ಮೇಲೆ ಸಲೀಸಾಗಿ ಹೋಗುತ್ತಿತ್ತು. ಗಾಳಿ ಟೈರಿಗೆ ಅದೇ ಮೊಳೆ ಶತ್ರು. ಹಳೆಯ ವಾಹನ ಉದುರಿಸಿದ್ದನ್ನು ಹೊಸ ವಾಹನ ತುಳಿಯಬೇಕಾಯಿತು.

ಇಲ್ಲಿಂದಲೇ ರಿಪೇರಿಯ ಚರಿತ್ರೆ ಶುರು. 1889ರ ಸುಮಾರಿಗೆ ಫ್ರಾನ್ಸಿನ ಕ್ಲೆರ್ಮೋ ಫೆರಾ ಊರಿನ ಮಿಶಲಿನ್ ಸೋದರರ ರಬ್ಬರ್ ಕಾರ್ಖಾನೆಗೆ ಒಂದು ಸೈಕಲ್ ಬಂತು, ಟೈರು ಪಂಕ್ಚರ್. ಡನ್‌ಲಪ್ ಟೈರನ್ನು ಆಗ ರಿಮ್ಮಿಗೇ ಅಂಟಿಸುತ್ತಿದ್ದರು. ಕಿತ್ತು, ತೇಪೆ ಹಚ್ಚಿ, ಮತ್ತೆ ಅಂಟಿಸೋದಕ್ಕೆ ಕೆಲವು ತಾಸು. ಅಂಟು ಒಣಗೋದಕ್ಕೆ ಒಂದು ರಾತ್ರಿ. ಬೆಳಿಗ್ಗೆ ಸವಾರಿ ಹೊರಟರೆ ಸ್ವಲ್ಪ ದೂರದಲ್ಲೇ ಮತ್ತೆ ಗಾಳಿ ಹೋಯಿತು. ಟೈರಿನ ಭವಿಷ್ಯ ಇರೋದು ಗಾಳಿಯಲ್ಲಲ್ಲ, ಅದನ್ನು ದಾರಿಯಲ್ಲೇ ಬಿಚ್ಚಿ ಕಟ್ಟೋದರಲ್ಲಿ ಅಂತ ಎದುವಾರ್ ಮಿಶಲಿನ್‌ಗೆ ಹೊಳೆಯಿತು. 1891ರಲ್ಲಿ ಬಿಚ್ಚಬಹುದಾದ ಸೈಕಲ್ ಟೈರು ತಯಾರಾಯಿತು. ಮರುವರ್ಷ ಪ್ಯಾರಿಸ್‌ನಿಂದ ತಮ್ಮೂರಿಗೆ ಸೈಕಲ್ ರೇಸ್ ಇಟ್ಟು, ದಾರಿಯಲ್ಲಿ ತಾವೇ ಮೊಳೆ ಚೆಲ್ಲಿಸಿದರಂತೆ, ಪಂಕ್ಚರ್ ತೆಗೆಯೋದು ಎಷ್ಟು ಸುಲಭ ಅಂತ ಜನರಿಗೆ ತೋರಿಸೋಕೆ! 1895ರಲ್ಲಿ ಪ್ಯಾರಿಸ್–ಬೋರ್ದೋ–ಪ್ಯಾರಿಸ್ ಓಟಕ್ಕೆ ಇದೇ ಸೋದರರು ಗಾಳಿ ಟೈರಿನ ಕಾರು ಇಳಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ತೆಗೆಯೋದೇ ಕೆಲಸವಾಯಿತು. ಗೆಲ್ಲಲಿಲ್ಲ, ಆದರೆ ಅಲ್ಲಲ್ಲೇ ತೇಪೆ ಹಚ್ಚಿಕೊಂಡು ಊರು ಮುಟ್ಟಬಹುದು ಅನ್ನೋದು ಸಾಬೀತಾಯಿತು.

ಗಮನಿಸಿ, ಯಾರೂ ‘ಈ ತೇಪೆ ಶಾಶ್ವತ’ ಅನ್ನಲಿಲ್ಲ. ಕೊಟ್ಟ ಮಾತು ಒಂದೇ: ಮುಂದಿನ ಊರಿನ ತನಕ ಹೋಗಬಹುದು.

ಈ ಮಾತನ್ನೇ ವ್ಯಾಪಾರ ಮಾಡಿಕೊಂಡವರು ವೇಲ್ಸ್ ಪ್ರಾಂತದ ಲನೆಲಿ ಊರಿನ ಡೇವಿಸ್ ಸೋದರರು. ಶುರುವಿನ ಕಾರುಗಳಲ್ಲಿ ಚಕ್ರವನ್ನು ಬಿಚ್ಚಿ ಬದಲಾಯಿಸೋಕೆ ಬರುತ್ತಿರಲಿಲ್ಲ. 1904ರಲ್ಲಿ ಇವರು ಗಾಳಿ ತುಂಬಿದ ಟೈರು ಕೂಡಿಸಿದ ಒಂದು ಬಿಡಿ ರಿಮ್ ಮಾಡಿದರು. ಅದಕ್ಕೆ ಕಡ್ಡಿಗಳಿಲ್ಲ, ನಡುವೆ ಗುಂಬವಿಲ್ಲ. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಕೊಕ್ಕೆಗಳಿಂದ ಬಿಗಿದು, ಕುಂಟುತ್ತ ಮನೆ ಸೇರಬೇಕು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಹೌದು, ನಾವು ಇವತ್ತಿಗೂ ‘ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯಾ?’ ಅಂತ ಕೇಳೋದು ಆ ಬೀದಿಯ ಹೆಸರನ್ನೇ. ಬಿಚ್ಚಿ ಹಾಕುವ ಚಕ್ರ ಬಂದ ಮೇಲೆ ಆ ಸಾಧನ ಮೂಲೆ ಸೇರಿತು, ಇಂಗ್ಲೆಂಡಿನವರು ಪದವನ್ನೂ ಮರೆತರು. ನಮ್ಮ ಲಾರಿ ಡ್ರೈವರುಗಳು ಮರೆಯಲಿಲ್ಲ.

ಕಾಗಿಣಾ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ ತನ್ನದೇ ಬಸ್ ವಿಭಾಗ ತೆರೆಯಿತು, 27 ಬಸ್ಸು, 166 ಜನ ನೌಕರರು. ರೈಲು ಇಲಾಖೆಯೇ ಬಸ್ ಓಡಿಸಿದ್ದು ವಿಶೇಷ. ಹಳಿಯ ಮೇಲೆ ಎಂದೂ ಪಂಕ್ಚರ್ ಕಾಣದಿದ್ದ ಸಂಸ್ಥೆಗೆ ಇನ್ನು ಟೈರು, ಟ್ಯೂಬು, ಪಂಪು ಎಲ್ಲ ಬೇಕಾಯಿತು. ಟೈರುಗಳೋ ಹಡಗಿನಲ್ಲಿ ಬರಬೇಕು. ಭಾರತದಲ್ಲೇ ಟೈರು ತಯಾರಾಗತೊಡಗಿದ್ದು 1936ರಲ್ಲಿ, ಬಂಗಾಳದ ಸಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಎದ್ದ ಮೇಲೆ.

ಆಗಿನ ಪಂಕ್ಚರ್ ಕೆಲಸ ನಿಮಗೂ ಗೊತ್ತಿರುತ್ತದೆ, ಸೈಕಲ್ ಅಂಗಡಿಯಲ್ಲಿ ಕೂತು ನೋಡಿದ್ದರೆ. ಟ್ಯೂಬ್ ಹೊರಗೆಳೆದು ಗಾಳಿ ಹಾಕಿ ನೀರಿನ ಬಕೆಟ್‌ನಲ್ಲಿ ಅದ್ದಬೇಕು. ಗುಳ್ಳೆ ಬಂದ ಕಡೆ ಕಡ್ಡಿ ಚುಚ್ಚಿ ಗುರುತು ಇಡಬೇಕು. ಉಜ್ಜಿ ಒರಟು ಮಾಡಿ, ಸಲ್ಯೂಷನ್ ಹಚ್ಚಿ, ಸ್ವಲ್ಪ ಆರಿದ ಮೇಲೆ ತೇಪೆ ಒತ್ತಬೇಕು. ದೊಡ್ಡ ಗಾಡಿಗಳದ್ದಾದರೆ ಬಿಸಿ ಕೊಟ್ಟು ತೇಪೆಯನ್ನು ಟ್ಯೂಬಿನ ಜೊತೆ ಬೆಸೆಯಬೇಕು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಗುಟ್ಟು ಇದೇ, ಗಂಧಕ ಬೆರೆಸಿ ಬಿಸಿ ಮಾಡಿದರೆ ಜಿಗುಟು ರಬ್ಬರು ಗಟ್ಟಿಯಾಗಿ, ಹಿಗ್ಗಿ ಕುಗ್ಗುವಂತಾಗುತ್ತದೆ. ಹೆದ್ದಾರಿ ಅಂಗಡಿಗಳ ಬೋರ್ಡಿನಲ್ಲಿ ಬಗೆಬಗೆಯ ಕಾಗುಣಿತದಲ್ಲಿ ಕಾಣುವ ‘ವಲ್ಕನೈಸಿಂಗ್’ ಅಂದರೆ ಅದೇ. ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಈ ಕೆಲಸಕ್ಕೆ ಟೈರು ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಒಳಗೆ ಕೈಯಾಡಿಸಿ ನೋಡದೆ ಯಾರೂ ಮತ್ತೆ ಕೂಡಿಸುತ್ತಿರಲಿಲ್ಲ. ಇದು ಆಮೇಲೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

‘ಮುಂದಿನ ಊರಿನ ತನಕ’ ಅನ್ನೋ ತೇಪೆ ‘ಇರೋ ತನಕ’ ಆಗಿ ಬದಲಾದದ್ದು ಬರಗಾಲದಿಂದ. 1942ರಲ್ಲಿ ಜಪಾನ್ ಮಲಯಾ ಮತ್ತು ಡಚ್ ಈಸ್ಟ್ ಇಂಡೀಸನ್ನು ಹಿಡಿದಾಗ ಜಗತ್ತಿನ ರಬ್ಬರಿನ ಬಹುಪಾಲು ಅದರ ಕೈಗೆ ಹೋಯಿತು. ಅಮೆರಿಕದಲ್ಲೇ ಟೈರಿಗೆ ರೇಷನ್ ಬಂತು, ನಮ್ಮಲ್ಲೂ ಬಂತು. ಪೆಟ್ರೋಲ್ ಇಲ್ಲ ಅಂತ ಕನ್ನಡ ನಾಡಿನಲ್ಲಿ ಇದ್ದಿಲಿನ ಗ್ಯಾಸಿನಿಂದ ಬಸ್ ಓಡಿಸಿದ ಕತೆ ಹಳಬರು ಹೇಳುತ್ತಾರೆ. ಎಂಜಿನ್ನಿಗೆ ಇದ್ದಿಲಾದರೂ ಇತ್ತು, ಟೈರಿಗೆ ಬದಲಿ ಇರಲಿಲ್ಲ. ತೇಪೆಯ ಮೇಲೆ ತೇಪೆ ಬಿತ್ತು. ಹರಿದ ಟೈರಿನೊಳಗೆ ಹಳೆಯ ಟೈರಿನ ತುಂಡು ಇಟ್ಟು ಓಡಿಸಿದರು. ಯುದ್ಧ ಮುಗಿದ ಮೇಲೂ ಆ ರೂಢಿ ಹೋಗಲಿಲ್ಲ. ಮದ್ರಾಸಿನಲ್ಲಿ 1946ರಲ್ಲಿ ಬಲೂನು ಮಾಡುತ್ತಿದ್ದ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ 1952ರಲ್ಲಿ ಕೈಹಾಕಿದ್ದು ಹೊಸ ಟೈರಿಗಲ್ಲ, ಸವೆದ ಟೈರಿಗೆ ಮೆತ್ತುವ ಟ್ರೆಡ್ ರಬ್ಬರಿಗೆ. ಎಂಆರ್‌ಎಫ್ ಬೆಳೆದದ್ದೇ ಹಳೆಯ ಟೈರನ್ನು ಎಸೆಯದ ದೇಶದಲ್ಲಿ. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು, ಬಸ್ಸಿನ ಮೇಲಿನ ಹೆಸರು ಬದಲಾಯಿತು. ಟೈರನ್ನು ಕೊನೇ ಎಳೆಯವರೆಗೂ ಓಡಿಸೋ ಅಭ್ಯಾಸ ಬದಲಾಗಲಿಲ್ಲ. ಓಡೋದು ನಿಂತ ಮೇಲೂ ಅದು ಚಪ್ಪಲಿಯಾಯಿತು, ಮಕ್ಕಳು ಕೋಲಿನಿಂದ ಉರುಳಿಸುವ ಆಟಿಕೆಯಾಯಿತು.

ಅಂದರೆ, ‘ಟೈರ್ ಇರೋವರೆಗೂ ಇರುತ್ತೆ’ ಅನ್ನೋದು ಅಂಗಡಿಯವನ ಬಡಾಯಿಯಲ್ಲ. ಅದು ಒಂದು ಕಾಲದ ಅನುಭವ. ಆ ಮಾತನ್ನು ಹೇಳಿದ್ದು ಗಂಟೆಗೆ 40 ಕಿ.ಮೀ. ಓಡುವ, ಒಳಗೆ ಟ್ಯೂಬ್ ಇರುವ, ಬಿಚ್ಚಿ ನೋಡಿ ಕೂಡಿಸಿದ ಟೈರಿನ ಬಗ್ಗೆ.

ಈಗ ಪ್ಲಗ್ ಹೇಗೆ ಬಂತು ನೋಡೋಣ. 1947ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ಟ್ಯೂಬ್‌ಲೆಸ್ ಟೈರನ್ನು ಪ್ರಕಟಿಸಿತು. ಅದನ್ನು ರೂಪಿಸಿದ ಎಂಜಿನಿಯರ್ ಫ್ರಾಂಕ್ ಹರ್ಜೆಗ್. 1952ರಲ್ಲಿ ಪೇಟೆಂಟ್ ಸಿಕ್ಕಿತು, 1955ರ ಹೊತ್ತಿಗೆ ಅಲ್ಲಿನ ಹೆಚ್ಚಿನ ಹೊಸ ಕಾರುಗಳಲ್ಲಿ ಅದೇ ಬರತೊಡಗಿತು. ಟ್ಯೂಬ್ ಮಾಡುತ್ತಿದ್ದ ಕೆಲಸವನ್ನು ಟೈರಿನ ಒಳಮೈಗೆ ಅಂಟಿದ, ಗಾಳಿ ಬಿಡದ ತೆಳು ಪದರ ಮಾಡುತ್ತದೆ. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಬುಸ್ಸೆಂದು ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ರಬ್ಬರು ಮೊಳೆಯನ್ನೇ ಕಚ್ಚಿ ಹಿಡಿಯುತ್ತದೆ, ಗಾಳಿ ನಿಧಾನಕ್ಕೆ ಸೋರುತ್ತದೆ. ಕಾರಿನವರಿಗೆ ಇದು ವರ. ರಿಪೇರಿಯವರಿಗೆ ಹೊಸ ಆಲೋಚನೆ: ಟೈರು ಬಿಚ್ಚೋದೇ ಯಾಕೆ? ಹೊರಗಿಂದಲೇ ತೂತು ಮುಚ್ಚಬಾರದೇಕೆ?

ಈಗ ನಡೆಯೋದು ಇಷ್ಟು. ಮೊಳೆ ಕೀಳುತ್ತಾರೆ. ಒರಟು ಅರದಂಥ ಕಡ್ಡಿಯನ್ನು ತೂತಿಗೆ ತೂರಿಸಿ ನಾಲ್ಕು ಸಲ ತಿರುವುತ್ತಾರೆ. ದಾರದ ಎಳೆಗೆ ಹಸಿ ರಬ್ಬರು ಮೆತ್ತಿದ, ಬತ್ತಿಯಂಥ ಜಿಗುಟು ಸ್ಟ್ರಿಪ್ಪನ್ನು ದಬ್ಬಣದಂಥ ಸೂಜಿಯ ಕಣ್ಣಿಗೆ ಪೋಣಿಸಿ ಒಳಗೆ ತುರುಕಿ, ಸೂಜಿಯನ್ನು ಮಾತ್ರ ಸರಕ್ಕನೆ ಎಳೆಯುತ್ತಾರೆ. ಸ್ಟ್ರಿಪ್ ಅಲ್ಲೇ ಮಡಚಿಕೊಂಡು ಉಳಿಯುತ್ತದೆ. ಹೊರಗಿನ ಬಾಲ ಕತ್ತರಿಸಿದರೆ ಐದು ನಿಮಿಷದ ಕೆಲಸ ಮುಗಿಯಿತು. ಗಾಡಿ ಓಡಿದಂತೆ ಟೈರಿನ ಬಿಸಿ ಮತ್ತು ಒತ್ತಡಕ್ಕೆ ಅದು ಇನ್ನಷ್ಟು ಬಿಗಿದು ಕೂರುತ್ತದೆ.

ಹಾಗಾದರೆ ತಕರಾರು ಏನು? ತಕರಾರು ಪ್ಲಗ್‌ನದ್ದಲ್ಲ, ನೋಡದೇ ಇರೋದರದ್ದು. ನಡುಭಾಗದಲ್ಲಿ ಸಣ್ಣ ಮೊಳೆಯ ನೇರ ತೂತು, ಗಾಳಿ ಪೂರ್ತಿ ಇಳಿಯೋ ಮೊದಲೇ ನಿಲ್ಲಿಸಿದ ಕಾರು, ಸರಿಯಾಗಿ ಹಾಕಿದ ಪ್ಲಗ್. ಇಷ್ಟಿದ್ದರೆ ಅದು ಟೈರು ಸವೆಯೋವರೆಗೂ ತಡೆದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಹೊರಗಿನಿಂದ ಕಾಣದ ಮೂರು ಸಂಗತಿ ಇವೆ. ಒಂದು, ಈಗಿನ ರೇಡಿಯಲ್ ಟೈರಿನ ಹೊಟ್ಟೆಯಲ್ಲಿ ಉಕ್ಕಿನ ಎಳೆಗಳಿವೆ. ಪ್ಲಗ್ಗಿನ ಸಂದಿಯಲ್ಲಿ ನೀರು ಇಳಿದರೆ ಅವು ತುಕ್ಕು ಹಿಡಿಯುತ್ತವೆ, ಪದರ ಬಿಡುತ್ತದೆ. ಎರಡು, ಮೊಳೆ ಓರೆಯಾಗಿ ಹೋಗಿದ್ದರೆ ಹೊರಗೆ ನಡುವೆ ಕಂಡ ತೂತು ಒಳಗೆ ಅಂಚಿನ ಹತ್ತಿರ ಇರಬಹುದು. ಮೂರು, ಗಾಳಿ ಇಳಿದ ಟೈರಿನ ಮೇಲೆ ಒಂದೆರಡು ಕಿ.ಮೀ. ಓಡಿಸಿದ್ದರೂ ಪಕ್ಕದ ಗೋಡೆ ಒಳಗೊಳಗೇ ಅರೆದು ಪುಡಿಯಾಗಿರಬಹುದು. ಹೊರಗೆ ಟೈರು ಹೊಸದರಂತೆ ಹೊಳೆಯುತ್ತಿರುತ್ತದೆ.

ಅದಕ್ಕೇ ಅಮೆರಿಕದ ಟೈರ್ ತಯಾರಕರ ಸಂಘದ ಸೂತ್ರ ಕಟ್ಟುನಿಟ್ಟು. ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗೆ ನೋಡಬೇಕು. ತೂತು 6 ಮಿ.ಮೀ.ಗಿಂತ ದೊಡ್ಡದಿರಬಾರದು, ನೆಲ ಮುಟ್ಟುವ ಭಾಗದಲ್ಲೇ ಇರಬೇಕು. ತೂತಿನ ದಾರಿಯನ್ನೂ ತುಂಬಬೇಕು, ಒಳಗಿನಿಂದ ತೇಪೆಯನ್ನೂ ಹಚ್ಚಬೇಕು. ಬರೀ ಪ್ಲಗ್ ಒಪ್ಪಿತವಲ್ಲ, ಬರೀ ತೇಪೆಯೂ ಅಲ್ಲ. ನಮ್ಮ ಅಂಗಡಿಗಳಲ್ಲಿ ‘ಮಶ್ರೂಮ್’ ಅಂತ ಸಿಗೋದು ಈ ಎರಡನ್ನೂ ಒಂದೇ ಸಲಕ್ಕೆ ಮಾಡುವ ತುಂಡು, ಅಣಬೆಯಂತೆ ಒಂದು ಕಾಂಡ, ಮೇಲೊಂದು ಛತ್ರಿ. ಅದನ್ನು ಒಳಗಿನಿಂದಲೇ ಹಾಕಬೇಕು, ಅಂದರೆ ಟೈರು ಬಿಚ್ಚಬೇಕು. ಟ್ಯೂಬಿನ ಕಾಲದವರು ಬೇರೆ ದಾರಿಯಿಲ್ಲದೆ ಮಾಡುತ್ತಿದ್ದದ್ದನ್ನೇ ಇವತ್ತಿನ ಸೂತ್ರ ಕೇಳುತ್ತಿದೆ. ದುಡ್ಡು ಸ್ವಲ್ಪ ಹೆಚ್ಚು, ಅರ್ಧ ತಾಸು ಬೇಕು.

ಈಗ ದಂಡೋತಿ ರಸ್ತೆಗೆ ವಾಪಸ್ ಬರೋಣ. ಇಲ್ಲಿ ಟೈರಿಗೆ ಕಾಡೋದು ಬರೀ ಮೊಳೆಯಲ್ಲ. ಸುಣ್ಣಕಲ್ಲಿನ ಚಕ್ಕೆಯ ಅಂಚು ಚೂಪು, ಅದು ಚುಚ್ಚೋದಕ್ಕಿಂತ ಸೀಳೋದೇ ಹೆಚ್ಚು, ಅದೂ ಪಕ್ಕದ ಗೋಡೆಯಲ್ಲಿ. ಎದುರಿಗೆ ಲಾರಿ ಬಂದಾಗ ಡಾಂಬರಿನಿಂದ ಕೆಳಗಿಳಿದರೆ ಮೊದಲು ಸಿಗೋದೇ ಆ ಅಂಚು. ಗೋಡೆಯ ಸೀಳಿಗೆ ಯಾವ ಪ್ಲಗ್ಗೂ ಇಲ್ಲ, ಟೈರು ಬದಲಿಸೋದೇ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಗಾಳಿ ಕಮ್ಮಿ ಇದ್ದರಂತೂ ಟೈರು ಇನ್ನೂ ಕಾಯುತ್ತದೆ. ಮಳೆಗಾಲದಲ್ಲಿ ರಸ್ತೆ ಮೇಲೇ ನಿಲ್ಲುವ ನೀರು, ಮೇಲೆ ಹೇಳಿದ ತುಕ್ಕಿಗೆ ಅದು ಆಹ್ವಾನ. ಹಾಗಂತ ಪಂಕ್ಚರ್ ಅಂಗಡಿಯವನ ಪ್ಲಗ್ಗನ್ನು ಬೈಯೋದು ಸರಿಯಲ್ಲ. ರಾತ್ರಿ ಹೊತ್ತು, ಮಕ್ಕಳು ಕಾರಿನಲ್ಲಿ, ಆಚೆ ದಡದಲ್ಲಿ ಊರು. ಅಂಥ ಕಡೆ ಐದು ನಿಮಿಷದಲ್ಲಿ ನಿಮ್ಮನ್ನು ಚಿತ್ತಾಪುರಕ್ಕೋ ಕಲಬುರಗಿಗೋ ಮುಟ್ಟಿಸುವ ಕೆಲಸ ಚಿಕ್ಕದಲ್ಲ. ಅವನು ನಿಜಕ್ಕೂ ಮಾರುತ್ತಿರೋದು ದೂರವನ್ನು. ಅದನ್ನು ನಾವು ದಿನಗಳ ಲೆಕ್ಕದಲ್ಲಿ ಕೇಳುತ್ತಿದ್ದೇವೆ, ಅಷ್ಟೇ.

ಈ ಪ್ರಶ್ನೆ ಈಗ ಇನ್ನೂ ಗಂಭೀರವಾಗಿದೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಗೆ ಜಾಗ ಬೇಕು, ಸಿಎನ್‌ಜಿ ಕಾರುಗಳಲ್ಲಿ ಸಿಲಿಂಡರಿಗೆ. ಡಿಕ್ಕಿ ತೆರೆದರೆ ಸ್ಟೆಪ್ನಿಯ ಬದಲು ಒಂದು ಪುಟ್ಟ ಪಂಪು, ಒಂದು ಬಾಟಲಿ ದ್ರಾವಣ ಕಂಡರೆ ಆಶ್ಚರ್ಯಪಡಬೇಡಿ. ಡೇವಿಸ್ ಸೋದರರ ಬೀದಿಯ ಹೆಸರು ನಮ್ಮ ನಾಲಿಗೆಯ ಮೇಲೆ ಉಳಿದಿದೆ, ವಸ್ತು ಮಾಯವಾಗುತ್ತಿದೆ. ಆ ಕಿಟ್ಟಿನ ಮೇಲೂ ಸಣ್ಣ ಅಕ್ಷರದಲ್ಲಿ ಇರೋದು ಹಳೆಯ ಮಾತೇ, ನಿಧಾನಕ್ಕೆ ಓಡಿಸಿ ಹತ್ತಿರದ ಅಂಗಡಿಗೆ ಹೋಗಿ ತೋರಿಸಿ.

ಹಾಗಾಗಿ ‘ಎಷ್ಟು ದಿನ ಬಾಳುತ್ತೆ?’ ಅನ್ನೋದರ ಬದಲು ಕೇಳಬೇಕಾದದ್ದು ‘ಇದನ್ನು ಬಿಚ್ಚಿ ನೋಡೋ ಅಂಗಡಿ ಇನ್ನೆಷ್ಟು ದೂರ?’ ಅಲ್ಲಿಗೆ ಹೋಗುವ ತನಕ ವೇಗ ಮಿತಿಯಲ್ಲಿರಲಿ. ಮರುದಿನ ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಡ್ರೈವರ್ ಬಾಗಿಲಿನ ಚೀಟಿಯಲ್ಲಿ ಬರೆದಷ್ಟು ಇದೆಯಾ, ಎರಡು ದಿನದ ಮೇಲೂ ಅಷ್ಟೇ ಇದೆಯಾ ನೋಡಿ. ದಿನವೂ ಆಫೀಸಿಗೆ ಹೋಗಿ ಬರುವ ಊರೊಳಗಿನ ಕಾರಿನಲ್ಲಿ ಅವಸರ ಕಮ್ಮಿ. ಹಬ್ಬಕ್ಕೆ ಐದು ಜನ, ಮೇಲೆ ಲಗೇಜು, ಬೆಂಗಳೂರಿನಿಂದ ಸೇಡಮ್ಮಿಗೆ ಹೊರಟಿದ್ದರೆ, ಹೊರಡೋ ಹಿಂದಿನ ದಿನ ಆ ಅರ್ಧ ತಾಸು ಕೊಟ್ಟು ಟೈರು ಬಿಚ್ಚಿಸಿ ಮಶ್ರೂಮ್ ಹಾಕಿಸಿ. ಒಳಗೆ ರಬ್ಬರಿನ ಪುಡಿ ಕಂಡರೆ, ಮೇಲೆ ಎಷ್ಟೇ ಹೊಸದಾಗಿ ಕಾಣಲಿ, ಆ ಟೈರನ್ನು ಅಲ್ಲೇ ಬಿಟ್ಟು ಬನ್ನಿ.